ಅಷ್ಟು ಸಣ್ಣ ದ್ವೀಪ ಇಷ್ಟೊಂದು ದೇಶಗಳನ್ನು ಹೇಗೆ ಆಳಿತು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡುವವಳು ನಾನು. ಪ್ರತಿ ವರ್ಷ ಈ ಪ್ರಶ್ನೆ ಬಂದೇ ಬರುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾರಾದರೂ ಕೇಳುತ್ತಾರೆ. "ಅಲ್ಲಾ ಮೇಡಂ, ಬ್ರಿಟನ್ ಅಷ್ಟು ಸಣ್ಣ ದ್ವೀಪ. ಇಷ್ಟೊಂದು ದೇಶಗಳನ್ನು ಹೇಗೆ ಆಳಿತು?"

ಸಣ್ಣದು ಅನ್ನುವುದು ನಿಜ. ಗ್ರೇಟ್ ಬ್ರಿಟನ್ ದ್ವೀಪ ಸುಮಾರು 2.09 ಲಕ್ಷ ಚದರ ಕಿಲೋಮೀಟರ್. ನಮ್ಮ ಕರ್ನಾಟಕವೇ 1.92 ಲಕ್ಷ ಇದೆ.

ಬಂದೂಕು, ಹಡಗು, ಕುತಂತ್ರ, ನಮ್ಮಲ್ಲಿ ಒಗ್ಗಟ್ಟಿಲ್ಲದ್ದು ಎಂದು ಕೇಳಿದವರೇ ಉತ್ತರ ಕೊಟ್ಟುಕೊಳ್ಳುತ್ತಾರೆ. ಯಾವುದೂ ಸುಳ್ಳಲ್ಲ. ಆಮೇಲೆ ಬಂದ ಕಲ್ಲಿದ್ದಲು, ಉಗಿಯಂತ್ರಗಳೂ ದೊಡ್ಡ ಕಾರಣವೇ. ಆದರೆ ಬಂದೂಕು, ಹಡಗು ಫ್ರಾನ್ಸ್ ಹತ್ತಿರವೂ ಇದ್ದವು. ಅಲ್ಲಿನ ಜನಸಂಖ್ಯೆ ಬ್ರಿಟನ್ನಿನ ಸುಮಾರು ಮೂರು ಪಟ್ಟು. ಹಾಗಾದರೆ ಫ್ರಾನ್ಸ್ ಯಾಕೆ ಗೆಲ್ಲಲಿಲ್ಲ?

ನನ್ನ ಉತ್ತರ ಇಷ್ಟೇ: ಇಂಗ್ಲೆಂಡಿನಲ್ಲಿ ರಾಜನಿಗೆ ಸಾಲ ಹುಟ್ಟಲಿಲ್ಲ, ಪಾರ್ಲಿಮೆಂಟಿಗೆ ಹುಟ್ಟಿತು.

ಕಥೆಯನ್ನು ಇಂಗ್ಲೆಂಡಿನ ರಾಜ 1ನೇ ಚಾರ್ಲ್ಸ್‌ನಿಂದ ಶುರು ಮಾಡಬೇಕು. 1629ರಿಂದ 11 ವರ್ಷ ಅವನು ಪಾರ್ಲಿಮೆಂಟನ್ನೇ ಕರೆಯಲಿಲ್ಲ. ದುಡ್ಡು ಬೇಕಲ್ಲ? ಕರಾವಳಿಯವರು ಯುದ್ಧದ ಹೊತ್ತಿಗೆ ಕೊಡುತ್ತಿದ್ದ 'ಹಡಗು ಹಣ'ವನ್ನು ಶಾಂತಿಯ ಕಾಲದಲ್ಲೇ ಒಳನಾಡಿನವರ ಮೇಲೂ ಹೇರಿದ. ಜಾನ್ ಹ್ಯಾಂಪ್ಡನ್ ಎಂಬ ಜಮೀನುದಾರ ಕೊಡುವುದಿಲ್ಲ ಎಂದು ಕೋರ್ಟಿಗೆ ಹೋದ, ಸೋತ. ಆದರೆ ಜನರ ಸಿಟ್ಟು ಆರಲಿಲ್ಲ. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವೇ ಶುರುವಾಯಿತು. 1649ರ ಜನವರಿ 30ರಂದು ರಾಜನ ತಲೆ ಉರುಳಿತು.

ಅವನ ಮಗ 2ನೇ ಚಾರ್ಲ್ಸ್ 1660ರಲ್ಲಿ ಪಟ್ಟಕ್ಕೆ ಬಂದ. ಅವನ ಕಾಲದ ಎರಡು ಘಟನೆಗಳನ್ನು ನಾನು ತರಗತಿಯಲ್ಲಿ ನಿಧಾನವಾಗಿ ಹೇಳುತ್ತೇನೆ.

ಒಂದು, 1667ರ ಜೂನ್. ಡಚ್ಚರ ಜೊತೆ ಯುದ್ಧ ನಡೆದಿತ್ತು. ಖಜಾನೆ ಖಾಲಿ. ದೊಡ್ಡ ಹಡಗುಗಳನ್ನು ಸಮುದ್ರಕ್ಕೆ ಇಳಿಸಲು ದುಡ್ಡಿಲ್ಲದೆ ಮೆಡ್ವೇ ನದಿಯಲ್ಲಿ ಕಟ್ಟಿಹಾಕಿದ್ದರು. ನಾವಿಕರಿಗೆ ಸಂಬಳದ ಬದಲು ಚೀಟಿ ಕೊಡುತ್ತಿದ್ದರು. ಡಚ್ಚರು ಸೀದಾ ನದಿಯೊಳಗೇ ನುಗ್ಗಿ ಹಡಗುಗಳನ್ನು ಸುಟ್ಟರು. ರಾಜನನ್ನು ದೇಶಕ್ಕೆ ಕರೆತಂದಿದ್ದ 'ರಾಯಲ್ ಚಾರ್ಲ್ಸ್' ಹಡಗನ್ನೇ ಎಳೆದುಕೊಂಡು ಹೋದರು. ಸಂಬಳ ಸಿಗದೆ ಬೇಸತ್ತ ಕೆಲವು ಇಂಗ್ಲಿಷ್ ನಾವಿಕರು ಆ ಹೊತ್ತಿಗೆ ಡಚ್ ಹಡಗುಗಳಲ್ಲೇ ಕೆಲಸ ಮಾಡುತ್ತಿದ್ದರು!

ಇನ್ನೊಂದು, 1672. ಲಂಡನ್ನಿನ ಅಕ್ಕಸಾಲಿ ಸಾಹುಕಾರರಿಂದ ತಂದ ಸಾಲ ತೀರಿಸಲು ಆಗುವುದಿಲ್ಲ ಎಂದು ರಾಜ ಕೈ ಎತ್ತಿಬಿಟ್ಟ. ಹಲವು ಸಾಹುಕಾರರು ಮುಳುಗಿದರು. ಇಂಥವನಿಗೆ ಮತ್ತೆ ಯಾರು ಸಾಲ ಕೊಡುತ್ತಾರೆ?

ಅವನ ನಂತರ ರಾಜನಾಗಿದ್ದ ತಮ್ಮ 2ನೇ ಜೇಮ್ಸ್ 1688ರಲ್ಲಿ ಓಡಿಹೋದ. ಹಾಲೆಂಡಿನಿಂದ ಬಂದ ವಿಲಿಯಂ, ಅವನ ಹೆಂಡತಿ ಮೇರಿ ಪಟ್ಟಕ್ಕೇರಿದರು. 1689ರ ಹಕ್ಕುಗಳ ಕಾಯ್ದೆ ಬಂತು. ಪಾರ್ಲಿಮೆಂಟ್ ಒಪ್ಪದೆ ತೆರಿಗೆ ಇಲ್ಲ, ಶಾಂತಿಯ ಕಾಲದಲ್ಲಿ ಸೈನ್ಯ ಇಟ್ಟುಕೊಳ್ಳುವಂತಿಲ್ಲ. ರಾಜನ ಜುಟ್ಟು ಪಾರ್ಲಿಮೆಂಟಿನ ಕೈಗೆ ಸಿಕ್ಕಿತು.

ಈಗ 1694ಕ್ಕೆ ಬನ್ನಿ. ಫ್ರಾನ್ಸ್ ಜೊತೆ ಯುದ್ಧ, ಹಡಗು ಕಟ್ಟಲು ದುಡ್ಡು ಬೇಕು. ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದು ಆಗಲೇ. ಅದು ಸರ್ಕಾರಕ್ಕೆ ಕೊಟ್ಟದ್ದು 12 ಲಕ್ಷ ಪೌಂಡ್ ಸಾಲ, ಶೇಕಡಾ 8 ಬಡ್ಡಿ. ಎರಡೇ ವಾರದೊಳಗೆ ಪೂರ್ತಿ ಹಣಕ್ಕೆ ಜನ ಹೆಸರು ಬರೆಸಿದರು. ರಾಜ ರಾಣಿಯೂ 10,000 ಪೌಂಡ್ ಹಾಕಿದರು. ಬಡ್ಡಿ ಎಲ್ಲಿಂದ ಬರಬೇಕು ಎಂಬುದನ್ನೂ ಕಾಯ್ದೆಯಲ್ಲೇ ಬರೆದಿದ್ದರು: ಹಡಗಿನ ತೆರಿಗೆ, ಬಿಯರ್ ಮೇಲಿನ ಸುಂಕ. ರಾಜ ಇಷ್ಟ ಬಂದಾಗ ಕೈ ಎತ್ತುವ ಹಾಗಿಲ್ಲ. 1750ರ ದಶಕದ ಹೊತ್ತಿಗೆ ಬಡ್ಡಿ ಶೇಕಡಾ 3ಕ್ಕೆ ಇಳಿದಿತ್ತು. ಕಡಿಮೆ ಬಡ್ಡಿಗೆ ಸಾಲ ಸಿಕ್ಕರೆ ನೌಕಾಪಡೆ ಬೆಳೆಯುತ್ತದೆ, ಅಲ್ವಾ? ಫ್ರಾನ್ಸಿನ ರಾಜನಿಗೆ ಆ ದರ ಸಿಗಲಿಲ್ಲ. 1788ರಲ್ಲಿ ಅವನ ಖರ್ಚಿನ ಸುಮಾರು ಅರ್ಧ ಸಾಲಕ್ಕೇ ಹೋಗುತ್ತಿತ್ತು. ಮರುವರ್ಷವೇ ಫ್ರೆಂಚ್ ಕ್ರಾಂತಿ ಶುರುವಾಯಿತು.

ಇದನ್ನು ಕೇಳಿ ಮಕ್ಕಳು "ಹಾಗಾದ್ರೆ ಪ್ರಜಾಪ್ರಭುತ್ವವೇ ಗೆದ್ದಿದ್ದು" ಅನ್ನುತ್ತಾರೆ. ಅಲ್ಲಿ ನಾನು ತಡೆಯುತ್ತೇನೆ. ಅದು ಜಮೀನುದಾರರ, ದೊಡ್ಡ ವ್ಯಾಪಾರಿಗಳ ಪಾರ್ಲಿಮೆಂಟ್. ಹೆಚ್ಚು ಕಡಿಮೆ ಯಾರೂ ವಾಸವಿಲ್ಲದ ಓಲ್ಡ್ ಸೇರಮ್‌ಗೆ 1832ರವರೆಗೂ ಇಬ್ಬರು ಸದಸ್ಯರಿದ್ದರು, ಮ್ಯಾಂಚೆಸ್ಟರ್ ನಗರಕ್ಕೆ ಒಬ್ಬರೂ ಇರಲಿಲ್ಲ. ಹೆಂಗಸರಿಗೆ ಗಂಡಸರಷ್ಟೇ ಮತದಾನದ ಹಕ್ಕು ಸಿಕ್ಕಿದ್ದು 1928ರಲ್ಲಿ. ಬಡ್ಡಿ ಕಟ್ಟಿದವರಾದರೋ ತೆರಿಗೆ ಕೊಟ್ಟು ಉಪ್ಪು, ಸೋಪು, ಮೇಣದಬತ್ತಿ ಕೊಳ್ಳುವ ಬಡವರು.

ನಮ್ಮ ನೆಲಕ್ಕೂ ಇದು ಬಂತು. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತಿದ್ದ. ಅಂಥ ಸೋಲನ್ನೂ ತಡೆದುಕೊಳ್ಳುವ ಶಕ್ತಿ ಆ ದೇಶಕ್ಕಿತ್ತು. ಟಿಪ್ಪುವಿನ ಸೈನ್ಯ ಬಲವಾಗಿತ್ತು, ರಾಕೆಟ್‌ಗಳಿದ್ದವು. ಆದರೆ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದ ಕಂದಾಯವಿತ್ತು. ಬನಾರಸ್‌ನ ಸಾಹುಕಾರರೂ ಅದಕ್ಕೆ ಸಾಲ ಕೊಡುತ್ತಿದ್ದರು. ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಅದು ತೀರುವವರೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟ. ಈ ಭಾಗ ಪಾಠ ಮಾಡುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ.

"ಸಾಲ ತಪ್ಪದೆ ತೀರಿಸಿದ್ರು ಅಂದ್ರೆ ಒಳ್ಳೆಯವರಲ್ವಾ ಮೇಡಂ?" ಎಂದು ಹೋದ ವರ್ಷ ಒಬ್ಬ ಹುಡುಗಿ ಕೇಳಿದಳು. ಅವಳಿಗೆ ನಾನು 1833ರ ಕಾಯ್ದೆಯ ವಿಷಯ ಹೇಳಿದೆ. ಆ ವರ್ಷ ಪಾರ್ಲಿಮೆಂಟ್ ಗುಲಾಮಗಿರಿಯನ್ನು ನಿಷೇಧಿಸಿತು. ಅದಕ್ಕಾಗಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ಗುಲಾಮರನ್ನು ಇಟ್ಟುಕೊಂಡಿದ್ದ ಮಾಲೀಕರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಆ ಹಣಕ್ಕೂ ಸಾಲ ಎತ್ತಿದ್ದರು. ಆ ಸಾಲದ ಕೊನೆಯ ಬಾಕಿ ಚುಕ್ತಾ ಆದದ್ದು 2015ರಲ್ಲಿ.