ಮಡಿಕೇರಿ ಮಳೆಯಲ್ಲಿ ಕ್ವಾಂಟಮ್ ಡಾಟ್‌ಗಳ ಅವಗೆಂಪು ಅಳತೆ

ಕ್ವಾಂಟಮ್ ಡಾಟ್ ಎಂದರೆ ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕ ಹರಳು. ಲೆಡ್ ಸಲ್ಫೈಡ್ ಡಾಟ್‌ನ ವ್ಯಾಸ 3 ನ್ಯಾನೋಮೀಟರ್ ಇದ್ದರೆ ಮೊದಲ ಹೀರಿಕೆ ಶಿಖರ (ಉದ್ದ ತರಂಗಾಂತರದ ಕಡೆಯಿಂದ ನೋಡಿದರೆ ಡಾಟ್ ಮೊದಲು ಹೆಚ್ಚು ಬೆಳಕು ಹೀರುವ ಜಾಗ) 925 ನ್ಯಾನೋಮೀಟರ್ ಆಸುಪಾಸಿಗೆ ಬರುತ್ತದೆ. 6 ಆದರೆ 1560ರ ಹತ್ತಿರ. ವಸ್ತು ಅದೇ, ಗಾತ್ರವಷ್ಟೇ ಬೇರೆ. ಎಷ್ಟು ಸಲ ನೋಡಿದರೂ ಬೆರಗು ತೀರದ ಸಂಗತಿ ಇದು.

ಹೆಚ್ಚಿನವರು ಎಡವುವುದು ಡಾಟ್‌ಗಳನ್ನು ತೇಲಿಬಿಡುವ ದ್ರಾವಕದಲ್ಲಿ. ಟೊಲುವಿನ್, ಹೆಕ್ಸೇನ್‌ಗಳ ಕಾರ್ಬನ್-ಹೈಡ್ರೋಜನ್ ಬಂಧಗಳು 1200, 1400, 1700 ನ್ಯಾನೋಮೀಟರ್ ಸುತ್ತ ತಾವೇ ಬೆಳಕು ನುಂಗುತ್ತವೆ. ಟೆಟ್ರಾಕ್ಲೋರೋಎಥಿಲೀನ್‌ನಲ್ಲಿ ಹೈಡ್ರೋಜನ್ನೇ ಇಲ್ಲ, ಅದನ್ನೇ ಬಳಸಿ. ಶಿಖರದಾಚೆ, ಉದ್ದ ತರಂಗಾಂತರದ ಕಡೆ, ಹೀರಿಕೆಯ ಗೆರೆ ಸೊನ್ನೆಗಿಳಿಯದೆ ಓರೆಯಾಗಿ ನಿಂತರೆ ಡಾಟ್‌ಗಳು ಗಂಟುಕಟ್ಟಿ ಬೆಳಕು ಚದುರಿಸುತ್ತಿರಬಹುದು. ಮೆಥನಾಲ್‌ನಲ್ಲಿ ಪದೇ ಪದೇ ತೊಳೆದರೆ ಡಾಟ್‌ಗಳು ಒಂದಕ್ಕೊಂದು ಅಂಟದಂತೆ ಕಾಯುವ ಓಲಿಯೇಟ್ ಹೊದಿಕೆ ಕಿತ್ತುಬಂದು ಹೀಗಾಗುತ್ತದೆ, ಅಸಿಟೋನ್ ವಾಸಿ. ದಿನ ಕಳೆದಂತೆ ಶಿಖರ ಗಿಡ್ಡ ತರಂಗಾಂತರದತ್ತ ಸರಿದರೆ, ಗಾಳಿ ತಾಗಿ ಮೇಲ್ಪದರ ಆಕ್ಸಿಡೀಕರಣಗೊಂಡು ಒಳಗಿನ ಡಾಟ್ ಸಣ್ಣದಾಗಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಡಿಕೇರಿಯ ಮಳೆಯಲ್ಲಿ ಎಫ್‌ಟಿಐಆರ್ (ಅವಗೆಂಪು ಹೀರಿಕೆಯಿಂದ ರಾಸಾಯನಿಕ ಬಂಧಗಳನ್ನು ಗುರುತಿಸುವ ಅಳತೆ) ಮಾಡುವವರು, ಮಾದರಿ ಬೆರೆಸಿ ಒತ್ತುವ ಪೊಟ್ಯಾಸಿಯಮ್ ಬ್ರೋಮೈಡ್ ಬಿಲ್ಲೆಯನ್ನು ನೆಚ್ಚಬೇಡಿ. ಅದು ತೇವ ಹೀರಿ 3400 ಮತ್ತು 1640 ವೇವ್‌ನಂಬರ್‌ಗಳಲ್ಲಿ (ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಅಲೆ ಎಂಬ ಎಣಿಕೆ) ನೀರಿನ ಉಬ್ಬು ತೋರಿಸುತ್ತದೆ. ಬೆಳಕು ಹಾಯುವ ಉಪ್ಪಿನ ಕಿಟಕಿಯೂ ಮಂಜಾಗುತ್ತದೆ. ಕ್ಯಾಲ್ಸಿಯಮ್ ಫ್ಲೋರೈಡ್ ಕಿಟಕಿಯ ಮೇಲೆ ಡಾಟ್ ದ್ರಾವಣದ ಒಂದು ಹನಿ ಹಾಕಿ, ಒಣ ನೈಟ್ರೋಜನ್‌ನಲ್ಲಿ ಆರಿಸಿ ಅಳೆಯಿರಿ. 2920, 2850ರ ಜೋಡಿ ಗೆರೆ ಡಾಟ್‌ನದ್ದಲ್ಲ, ಓಲಿಯೇಟ್‌ನದ್ದು.

ತೊಳೆದ ನೀರು, ದ್ರಾವಕ ಯಾವುದನ್ನೂ ಸಿಂಕಿಗೆ ಸುರಿಯಬೇಡಿ. ಅದರಲ್ಲಿ ಸೀಸವಿದೆ, ನಮ್ಮ ತೋಡುಗಳು ಸೇರುವುದು ಕಾವೇರಿಯನ್ನು. ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ ಚೀಟಿ ಅಂಟಿಸಿ ಬೇರೆಯೇ ಇಡಿ.