ಅವಳಿಗಳ ಧ್ವನಿಯೂ ಒಂದೇ ಇರುತ್ತದೆಯೇ?

ಮುಖ ನೋಡಿ ಬೆರಗಾಗುವುದು ಮುಗಿದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಇದು. ನಾನೂ ಅಕ್ಕನೂ ತದ್ರೂಪಿ ಅವಳಿಗಳು. (ನನಗಿಂತ ಕೆಲವೇ ನಿಮಿಷ ಮೊದಲು ಹುಟ್ಟಿದ್ದಕ್ಕೆ ಅವಳು ಅಕ್ಕ, ಆ ಹಕ್ಕನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.) ನನ್ನ ಉತ್ತರ: ಗಂಟಲು ಒಂದೇ, ಮಾತು ಬೇರೆ.

ಧ್ವನಿಪೆಟ್ಟಿಗೆಯೊಳಗಿನ ತಂತುಗಳು ಎಷ್ಟು ಉದ್ದ, ಎಷ್ಟು ದಪ್ಪ ಎಂಬುದು ಸ್ವರದ ಮಟ್ಟವನ್ನು ನಿರ್ಧರಿಸುತ್ತದೆ. ಮಾತನಾಡುವಾಗ ಹೆಂಗಸರ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ, ಗಂಡಸರವು 100ರಿಂದ 120 ಸಲ. ಗಂಟಲು, ಬಾಯಿ, ಮೂಗುಗಳ ಒಳಗಿನ ಪೊಳ್ಳು ಆ ಸ್ವರಕ್ಕೆ ಅದರದೇ ಗುಣ ಕೊಡುತ್ತದೆ. ಒಂದೇ ಅಂಡದಿಂದ ಬಂದವರಲ್ಲಿ ಈ ಅಳತೆಗಳೆಲ್ಲ ಬಹಳ ಹತ್ತಿರ.

ಆದರೆ ನಾಲಗೆ ಆಡಿಸುವುದು ಕಲಿತು ಬರುವ ವಿದ್ಯೆ. 1996ರಲ್ಲಿ ಫ್ರಾನ್ಸಿಸ್ ನೋಲನ್ ಮತ್ತು ತೊಮಾಸಿನಾ ಓ ಎಂಬ ಧ್ವನಿವಿಜ್ಞಾನಿಗಳು ತದ್ರೂಪಿ ಅವಳಿಗಳ ಇಂಗ್ಲಿಷ್ ‘ಲ’ಕಾರ, ‘ರ’ಕಾರಗಳನ್ನು ಅಳೆದಾಗ ಅಲ್ಲೂ ವ್ಯತ್ಯಾಸ ಸಿಕ್ಕಿತು. ಇನ್ನು ನಮ್ಮ ವಿಷಯಕ್ಕೆ ಅಳತೆಯೇ ಬೇಡ. ಅಕ್ಕ ಮದುವೆಯಾಗಿ ಧಾರವಾಡ ಸೇರಿದಳು, ನಾನು ಮೈಸೂರಿನಲ್ಲೇ ಉಳಿದೆ. ಅವಳ ವಾಕ್ಯಗಳಿಗೆ ಈಗ ಅಲ್ಲಿನ ಓಟ ಬಂದಿದೆ. ಅದಕ್ಕಿಂತ ಹೆಚ್ಚಾಗಿ, ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ತರಗತಿಯ ಗದ್ದಲದ ಮೇಲೆ ಕೂಗಿ ಕೂಗಿ ಸಂಜೆಯ ಹೊತ್ತಿಗೆ ಗಂಟಲು ಗೊಗ್ಗರಾಗಿರುತ್ತದೆ. ಹೀಗೆ ವರ್ಷಗಟ್ಟಲೆ ದಣಿದ ತಂತುಗಳ ಮೇಲೆ ಸಣ್ಣ ಗಂಟುಗಳೂ ಬೆಳೆಯುವುದುಂಟು. ದಿನವಿಡೀ ಕಂಪ್ಯೂಟರಿನ ಮುಂದೆ ಬಾಯಿ ಮುಚ್ಚಿ ಕೂರುವ ನನಗೆ ಆ ಕಷ್ಟವಿಲ್ಲ.

ಇಷ್ಟಿದ್ದರೂ ಫೋನಿನಲ್ಲಿ ಜನ ಮೋಸ ಹೋಗುತ್ತಾರೆ. ಹಳೆಯ ದೂರವಾಣಿ ತಂತಿ ದಾಟಿಸುತ್ತಿದ್ದುದು 300ರಿಂದ 3,400 ಹರ್ಟ್ಸ್‌ವರೆಗಿನ (ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ) ಧ್ವನಿಯನ್ನಷ್ಟೇ. ‘ಸ’, ‘ಶ’ಗಳ ಸೂಕ್ಷ್ಮವೆಲ್ಲ ಅದಕ್ಕಿಂತ ಮೇಲೆಯೇ ಹೆಚ್ಚು. ಈಗಿನ ಮೊಬೈಲ್ ಕರೆಗಳು ಸ್ವಲ್ಪ ಉತ್ತಮ. ಆದರೂ ಅಕ್ಕನ ಗಂಡ ನಾನು ‘ಭಾವ’ ಎನ್ನುವವರೆಗೆ ಹೆಂಡತಿಯೊಡನೆ ಮಾತನಾಡುವಂತೆಯೇ ತರಕಾರಿ ಪಟ್ಟಿ ಒಪ್ಪಿಸುತ್ತಿರುತ್ತಾರೆ.

ವಿಚಿತ್ರವೆಂದರೆ, ನಮ್ಮಿಬ್ಬರಿಗೆ ಮಾತ್ರ ಈ ಹೋಲಿಕೆ ತಟ್ಟುವುದೇ ಇಲ್ಲ. ನನ್ನ ಧ್ವನಿ ನನಗೆ ಗಾಳಿಯಿಂದಷ್ಟೇ ಅಲ್ಲ, ತಲೆಯ ಮೂಳೆಯ ಮೂಲಕವೂ ಕೇಳುತ್ತದೆ. ಹಾಗಾಗಿ ಇರುವುದಕ್ಕಿಂತ ತುಂಬಿದಂತೆ ಅನ್ನಿಸುತ್ತದೆ. ಅಕ್ಕನದು ಗಾಳಿಯಿಂದ ಮಾತ್ರ ಬರುತ್ತದೆ. ಧ್ವನಿಮುದ್ರಣದಲ್ಲಿ ನನ್ನನ್ನು ಕೇಳಿಕೊಂಡಾಗ ನನಗೆ ಕೇಳುವುದು ಅಕ್ಕ!

ಯಂತ್ರಗಳಾದರೂ ಗುರುತಿಸುತ್ತವೆಯೇ? 2017ರಲ್ಲಿ ಬಿಬಿಸಿ ವರದಿಗಾರ ಡ್ಯಾನ್ ಸಿಮನ್ಸ್ ಬ್ರಿಟನ್ನಿನ ಎಚ್‌ಎಸ್‌ಬಿಸಿ ಬ್ಯಾಂಕಿನ ಧ್ವನಿ ಗುರುತಿನ ವ್ಯವಸ್ಥೆಯನ್ನು ಪರೀಕ್ಷಿಸಿದರು. ಅವರ ಅವಳಿ ಸಹೋದರ ಜೋ ಅಣಕಿಸಿ ಮಾತನಾಡಿ, ಏಳು ಸಲ ಸೋತು, ಎಂಟನೆಯ ಸಲ ಖಾತೆಯೊಳಗೆ ಹೊಕ್ಕರು. ಅವರು ತದ್ರೂಪಿಗಳೂ ಅಲ್ಲ. ನನ್ನ ಬ್ಯಾಂಕು ಅಂಥದ್ದನ್ನು ತಂದರೂ ನಾನು ಪಿನ್ ಸಂಖ್ಯೆಯನ್ನೇ ಇಟ್ಟುಕೊಳ್ಳುವವಳು. ಅದೂ ಅಕ್ಕನಿಗೆ ಗೊತ್ತಿದೆ, ಆ ಮಾತು ಬೇರೆ.