ಒಂದು ತೆರೆಗೆ ಎಷ್ಟು ಕಿಲೋಮೀಟರು? ಐದನೇ ಟ್ರಿಪ್ಪಿನ ಲೆಕ್ಕ

ಐದನೇ ಟ್ರಿಪ್ ಮುಗಿಸಿ ಡೊಂಬಿವಲಿಗೆ ಬಂದು ಎರಡು ದಿನ ಆಯ್ತು, ಬಗ್ಗಿದ್ರೆ ಮೂಗಿಂದ ಈಗ್ಲೂ ಉಪ್ಪುನೀರು ಇಳೀತದೆ. ನಿನ್ನೆ ಆಫೀಸಲ್ಲಿ ಬಿದ್ದ ಪೆನ್ ಹೆಕ್ಲಿಕ್ಕೆ ಬಗ್ಗಿದ್ದೇ ತಡ, ಪಕ್ಕದವಳ ಲ್ಯಾಪ್‌ಟಾಪ್ ಮೇಲೆ ಟಪ್ ಟಪ್ ಅಂತ ನಾಲ್ಕು ಹನಿ. ಶೀತ ಅಂತ ಸುಳ್ಳು ಹೇಳಿದೆ.

ಹೊಸಬರಿಗೆ ಚಿಕ್ಕದಾಗಿ ಹೇಳ್ತೇನೆ. ಅಕ್ಟೋಬರಿಂದ ಸರ್ಫಿಂಗ್ ಕಲೀತಾ ಇದ್ದೇನೆ, ಕಲಿಯುದು ಮಂಗಳೂರು ಹತ್ತಿರದ ಮೂಲ್ಕಿಯಲ್ಲಿ, ಇರುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನಡುವೆ ರೈಲು ದಾರಿ ಸುಮಾರು 860 ಕಿ.ಮೀ. ಎಕ್ಸೆಲ್ ಶೀಟಲ್ಲಿ ಎರಡೇ ಕಾಲಂ, ಎಷ್ಟು ಕಿ.ಮೀ. ಹೋದೆ, ಎಷ್ಟು ತೆರೆ ಮೇಲೆ ನಿಂತೆ. ನಿಂತದ್ದು ಅಂದ್ರೆ ಹಿಂದಿಂದ ಯಾರೂ ತಳ್ಳದೆ, ನಾನೇ ಪ್ಯಾಡಲ್ ಮಾಡಿ, ಕನಿಷ್ಠ ಮೂರು ಸೆಕೆಂಡು. ಕಿ.ಮೀ. ಕಾಲಮಲ್ಲಿ ಒಂದು ತಕರಾರು ಉಂಟು: ಟಿಕೆಟಲ್ಲಿ ಬರುವ ದೂರ ನಿಜವಾದ ದೂರಕ್ಕಿಂತ ಜಾಸ್ತಿ ಇರ್ತದೆ, ಕೊಂಕಣ ರೈಲ್ವೆಯಲ್ಲಿ ಚಾರ್ಜ್ ಲೆಕ್ಕಕ್ಕೆ ಕಿ.ಮೀ.ಯನ್ನೇ ಉಬ್ಬಿಸಿ ಹಾಕುದು. ಅಷ್ಟು ಸುರಂಗ, ಅಷ್ಟು ಸೇತುವೆ ಕಟ್ಟಿದ್ದಲ್ವಾ. ನಾನು ನಿಜವಾದ್ದನ್ನೇ ಬರೀತೇನೆ, ನನ್ನ ಅವರೇಜ್ ಮೊದ್ಲೇ ನಾಚಿಕೆಗೇಡು.

ಎಲ್ರೂ ಕೇಳುದು ಒಂದೇ, ಮುಂಬೈಯಲ್ಲಿ ಕಡಲಿಲ್ವಾ ಮಾರಾಯ ಅಂತ. ಉಂಟು, ಆದ್ರೆ ಅದರ ಹೊಟ್ಟೆ ಆಳ ಇಲ್ಲ. ಬಾಂಬೆ ಹೈ ತೈಲಬಾವಿ ದಡದಿಂದ ಸುಮಾರು 160 ಕಿ.ಮೀ. ದೂರ ಉಂಟಲ್ಲ, ಅಲ್ಲಿ ಕೂಡ ನೀರಿನ ಆಳ ಬರೀ 75 ಮೀಟರ್ ಆಸುಪಾಸು. ದೂರದಿಂದ ಬರುವ ದೊಡ್ಡ ಸ್ವೆಲ್ಲಿಗೆ, ಅಂದ್ರೆ ಒಂದು ತೆರೆ ಆಗಿ 16 ಸೆಕೆಂಡಿಗೆ ಇನ್ನೊಂದು ಬರುವಂಥದ್ದಕ್ಕೆ, 200 ಮೀಟರ್ ಆಳದಲ್ಲೇ ಕಡಲ ತಳ ತಾಗ್ಲಿಕ್ಕೆ ಶುರು. ಹಾಗೆ ನೂರಾರು ಕಿ.ಮೀ. ತಳಕ್ಕೆ ಉಜ್ಜಿಕೊಂಡು ಉಜ್ಜಿಕೊಂಡು ಜುಹುಗೆ ಎತ್ತುವಾಗ ಅದರಲ್ಲಿ ಜೀವ ಉಳೀಬೇಕಲ್ಲ? ಮಳೆಗಾಲದಲ್ಲಿ ಮರೈನ್ ಡ್ರೈವಿಗೆ ಬಂದು ಬಡಿಯುದು ನೋಡ್ಲಿಕ್ಕೆ ಗಮ್ಮತ್ತು, ಬೋರ್ಡ್ ಇಡ್ಲಿಕ್ಕೆ ಅಲ್ಲ. ದಕ್ಷಿಣಕ್ಕೆ ಹೋದ ಹಾಗೆ ಈ ಆಳ ಇಲ್ಲದ ಪಟ್ಟಿ ಸಪುರ ಆಗ್ತದೆ. ಮೂಲ್ಕಿಯಲ್ಲಿ ಮತ್ತೆ ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ ಉಂಟು, ಅಲ್ಲಿ ಹೊಯ್ಗೆ ದಿಬ್ಬ ಕಟ್ಟಿ ತೆರೆ ಚಂದಕ್ಕೆ ಒಡೀತದೆ. 2004ರಲ್ಲಿ ದೇಶದ ಮೊದಲ ಸರ್ಫ್ ಕ್ಲಬ್ ಶುರುವಾದದ್ದೂ ಮೂಲ್ಕಿಯಲ್ಲಿ, ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ 2016ರಲ್ಲಿ ಆದದ್ದು ಪಕ್ಕದ ಸಸಿಹಿತ್ಲಲ್ಲಿ. ಮತ್ತೆ ಮೂಲ್ಕಿ ನನ್ನ ಅಮ್ಮನ ಊರು, ರೂಮ್ ಖರ್ಚಿಲ್ಲ. ನಿಜ ಹೇಳ್ಬೇಕಾದ್ರೆ ಇದೇ ಮೊದಲ ಕಾರಣ.

ಈಗ ಲೆಕ್ಕ. ಮೊದಲ ಟ್ರಿಪ್ 1,720 ಕಿ.ಮೀ., ತೆರೆ ಸೊನ್ನೆ, ಭಾಗಿಸ್ಲಿಕ್ಕೆ ಹೋದ್ರೆ ಎಕ್ಸೆಲ್ ಎರರ್ ಕೊಡ್ತದೆ. ಎರಡನೇದು ಡಿಸೆಂಬರಲ್ಲಿ, ಟಿಕೆಟ್ ಸಿಗದೆ ಖಾಸಗಿ ಬಸ್ಸಲ್ಲಿ ಹುಬ್ಬಳ್ಳಿ ಸುತ್ತಿ ಹೋದದ್ದು, ಹೋಗಿಬರುದು ಒಟ್ಟು 1,900. ಅರಬೈಲ್ ಘಾಟಲ್ಲಿ ಲಾರಿ ಅಡ್ಡ ಬಿದ್ದು ನಾಲ್ಕು ಗಂಟೆ ಕೂತೆವು. ನಾಲ್ಕು ಗಂಟೆ ತಡ ಅಂದ್ರೆ ಏನೂ ಅಲ್ಲ ಅಂತ ಕಾಣ್ತದೆ, ಆದ್ರೆ ಬೆಳಿಗ್ಗೆ ಗಾಳಿ ದಡದಿಂದ ಕಡಲಿಗೆ ಬೀಸ್ತದೆ, ತೆರೆ ನೆಟ್ಟಗೆ ನಿಲ್ತದೆ. ಹತ್ತು ಹನ್ನೊಂದು ಗಂಟೆಗೆ ಗಾಳಿ ತಿರುಗಿ ಕಡಲಿಂದ ಬರ್ಲಿಕ್ಕೆ ಶುರುವಾದ್ರೆ ಎಲ್ಲ ಒಟ್ರಾಶಿ, ಕಲಿಯುವವನಿಗೆ ಆ ದಿನದ ಕತೆ ಮುಗೀತು. ಇಡೀ ಒಂದು ದಿನ ಹೋಯ್ತು, ಉಳಿದ ದಿನದಲ್ಲಿ ನಾಲ್ಕು ತೆರೆ. ತೆರೆಗೆ 475 ಕಿ.ಮೀ.

ಅಲ್ಲಿಂದ ಮನೆಯಲ್ಲಿ ದಿನಾ ಮೂವತ್ತು ಪಾಪ್ ಅಪ್ ಶುರು ಮಾಡಿದೆ, ಚಾಪೆ ಮೇಲೆ ಕವುಚಿ ಮಲಗಿ ಒಂದೇ ಹಾರಿಗೆ ಎದ್ದು ನಿಲ್ಲುದು. ನಾಲ್ಕನೇ ದಿನ ಕೆಳಗಿನ ಫ್ಲ್ಯಾಟಿನ ಕಾಕಾ ಬೆಲ್ ಮಾಡಿದ್ರು. ಏನು ಅಂತ ವಿವರಿಸ್ಲಿಕ್ಕೆ ಹೋಗಿ ಹಾಲಲ್ಲೇ ಒಮ್ಮೆ ಮಾಡಿ ತೋರಿಸಿದೆ, ಅವರು ಎಂತದೂ ಹೇಳದೆ ಇಳಿದು ಹೋದ್ರು. ಆಮೇಲೆ ಹಾಸಿಗೆ ಮೇಲೆ ಮಾಡುದು. ಫೆಬ್ರವರಿ ಟ್ರಿಪ್ಪಲ್ಲಿ ಅದರ ಫಲ ಕಂಡಿತು: ಹನ್ನೊಂದು ತೆರೆ, ತೆರೆಗೆ 156, ಈವರೆಗಿನ ಬೆಸ್ಟ್.

ಆ ಹೆಮ್ಮೆಯಲ್ಲಿ ಸೆಕೆಂಡ್ ಹ್ಯಾಂಡ್ ಎಂಟಡಿ ಬೋರ್ಡ್ ತೆಗೊಂಡೆ. ಟ್ರೈನಲ್ಲಿ ನಮ್ಮ ಜೊತೆ ಇಡುವ ಪೆಟ್ಟಿಗೆ ಒಂದು ಮೀಟರ್ ಉದ್ದ ದಾಟಬಾರದು ಅಂತ ರೂಲ್, ಇದು ಎರಡೂವರೆ ಮೀಟರ್ ಹತ್ತಿರ, ಹಾಗಾಗಿ ಮಾಮನ ಮನೆಯಲ್ಲೇ ಬಿಟ್ಟು ಬಂದೆ. ಮೇ ತಿಂಗಳಲ್ಲಿ ಹೋಗಿ ನೋಡ್ತೇನೆ, ಅಂಗಳದಲ್ಲಿ ಎರಡು ಸ್ಟೂಲಿನ ಮೇಲೆ ನನ್ನ ಬೋರ್ಡ್, ಅದರ ಮೇಲೆ ಹಳೆ ಲುಂಗಿ, ಲುಂಗಿ ಮೇಲೆ ಸಾಲಾಗಿ ಹಲಸಿನ ಹಪ್ಪಳ. "ಎಂತ ಮಾಡುದು ಮಗಾ, ಚಾಪೆ ಹಾಸಿದ್ರೆ ಇರುವೆ ಹತ್ತುತ್ತದೆ, ಇದು ಸಮ ಉಂಟು" ಅಂದ್ರು ಮಾಮಿ. ಕಾಲು ಜಾರದ ಹಾಗೆ ಬೋರ್ಡಿಗೆ ಹಚ್ಚಿದ ವ್ಯಾಕ್ಸ್ ಎಲ್ಲ ಬಿಸಿಲಿಗೆ ಕರಗಿ ಲುಂಗಿಗೆ ಹಿಡಿದಿತ್ತು, ಕೆರೆದು ತೆಗೀಲಿಕ್ಕೆ ಒಂದು ಮಧ್ಯಾಹ್ನ ಬೇಕಾಯ್ತು, ಲುಂಗಿಯ ಚೌಕುಳಿ ಅಚ್ಚು ಮಾತ್ರ ಈಗ್ಲೂ ಉಂಟು. ಹಪ್ಪಳ ತಿಂದೆ, ತೆಂಗಿನೆಣ್ಣೆ ಪರಿಮಳ ಬಂತು. ಅದು ವ್ಯಾಕ್ಸಿಂದು ಅಂತ ನಾನು ಬಾಯಿ ಬಿಡ್ಲಿಲ್ಲ.

ನಡುವೆ ಮಾರ್ಚಲ್ಲಿ ಹತ್ತಿರ ಆಗ್ತದಲ್ಲ ಅಂತ ಗೋವಾದ ಅಶ್ವೆಂ ಬೀಚಿಗೆ ಹೋದೆ, ಹೋಗಿಬರುದು 1,100. ಕಡಲು ಹಾಸಿದ ಬೆಡ್‌ಶೀಟ್ ಥರ ಇತ್ತು. ಎರಡು ತೆರೆ. ದೂರ ಕಮ್ಮಿ ಮಾಡ್ಲಿಕ್ಕೆ ಹೋಗಿ ತೆರೆಗೆ 550 ಆಯ್ತು.

ಈಗ ಮೇ ಟ್ರಿಪ್. ಹೋಗುವ ಮೊದಲೇ ಹೈದರಾಬಾದಿನ ಇಂಕಾಯ್ಸಿಂದ, ಅಂದ್ರೆ ಕಡಲಿನ ಮುನ್ಸೂಚನೆ ಕೊಡುವ ಸರ್ಕಾರಿ ಕೇಂದ್ರದಿಂದ, ಎತ್ತರದ ತೆರೆಯ ಎಚ್ಚರಿಕೆ ಬಂದಿತ್ತು, ಮೊದಲ ದಿನ ಕೋಚ್ ನೀರಿಗೆ ಇಳೀಲಿಕ್ಕೇ ಬಿಡ್ಲಿಲ್ಲ. ದಡದಲ್ಲಿ ಕೂತು ನೋಡಿದೆ. ಊರಲ್ಲಿ ಗಾಳಿ ಇಲ್ಲ, ಮೋಡ ಇಲ್ಲ, ತೆಂಗಿನ ಗರಿ ಅಲುಗುದಿಲ್ಲ, ಕಡಲು ಮಾತ್ರ ಗುಡುಗ್ತಾ ಉಂಟು. ಕೇರಳದಲ್ಲಿ ಇದಕ್ಕೆ ಕಳ್ಳಕ್ಕಡಲ್ ಅಂತಾರೆ, ಹೇಳದೆ ಕೇಳದೆ ನುಗ್ಗುವ ಕಳ್ಳ ಕಡಲು. ಇದು ಹುಟ್ಟುದು ಭೂಮಿಯ ಆ ಕಡೆ ಅಂಟಾರ್ಕ್ಟಿಕಾ ಹತ್ತಿರದ ಬಿರುಗಾಳಿಯಲ್ಲಿ. ವಾಲ್ಟರ್ ಮಂಕ್ ಅಂತ ಅಮೆರಿಕದ ಸಾಗರವಿಜ್ಞಾನಿ 1963ರಲ್ಲಿ ನ್ಯೂಜಿಲೆಂಡಿಂದ ಅಲಾಸ್ಕದವರೆಗೆ ಸಾಲಾಗಿ ಅಳತೆ ಕೇಂದ್ರ ಇಟ್ಟು, ದಕ್ಷಿಣದ ಬಿರುಗಾಳಿಯ ತೆರೆ 10,000 ಕಿ.ಮೀ. ದಾಟಿ ಅಲಾಸ್ಕ ಮುಟ್ಟುದನ್ನು ಹಿಂಬಾಲಿಸಿ ತೋರಿಸಿದ್ದ.

ಕೂತಲ್ಲೇ ಮೊಬೈಲಲ್ಲಿ ಲೆಕ್ಕ ಹಾಕಿದೆ. ಆಳ ಕಡಲಲ್ಲಿ ಸ್ವೆಲ್ಲಿನ ವೇಗ ಬೇಕಾದ್ರೆ ಎರಡು ತೆರೆ ನಡುವಿನ ಸೆಕೆಂಡನ್ನು 2.8ರಿಂದ ಗುಣಿಸಿದ್ರೆ ಆಯ್ತು, ಗಂಟೆಗೆ ಎಷ್ಟು ಕಿ.ಮೀ. ಅಂತ ಬರ್ತದೆ. 16 ಸೆಕೆಂಡಿಗೆ ಸುಮಾರು 45. ನಮ್ಮ ಮತ್ಸ್ಯಗಂಧ ರೈಲಿನ ಸರಾಸರಿಗಿಂತ ಸ್ವಲ್ಪವೇ ಕಮ್ಮಿ, ಆದ್ರೆ ಇದಕ್ಕೆ ಕ್ರಾಸಿಂಗ್ ಇಲ್ಲ, ಮಡಗಾಂವಲ್ಲಿ ಚಾ ಇಲ್ಲ. ಅಲ್ಲಿಂದ ಮೂಲ್ಕಿಗೆ 7,000 ಕಿ.ಮೀ. ಅಂತ ಹಿಡಿದ್ರೆ ಆರೂವರೆ ದಿನ. ನಾನು ತತ್ಕಾಲ್ ಬುಕ್ ಮಾಡುವ ಎಷ್ಟೋ ಮೊದಲೇ ಅದು ಹೊರಟಾಗಿತ್ತು.

ಎರಡನೇ ದಿನ ಇಳಿದದ್ದು. ಬಿದ್ದದ್ದೇ ಜಾಸ್ತಿ, ಎದೆಯ ಚರ್ಮ ಹೋಗಿ ಅಂಗಿ ತಾಗಿದ್ರೆ ಉರಿ. ಒಟ್ಟು ಒಂಬತ್ತು, ತೆರೆಗೆ 191, ಫೆಬ್ರವರಿಗಿಂತ ಹಿಂದೆ. ಅದ್ರಲ್ಲಿ ಒಂದು ಮಾತ್ರ ಬೇರೆ ಜಾತಿ. ಹಿಂದಿಂದ ಬೋರ್ಡಿನ ಬಾಲ ಎತ್ತಿದ್ದು ಗೊತ್ತಾಯ್ತು, ಎರಡು ಸಲ ಕೈ ಹೊಡೆದೆ, ಎದ್ದೆ, ಶಬ್ದ ನಿಂತ ಹಾಗಾಯ್ತು, ಬಲಗಡೆ ಹಸಿರು ಗೋಡೆ ಓಡ್ತಾ ಉಂಟು, ಒಡೆದದ್ದಲ್ಲ, ನೊರೆ ಅಲ್ಲ, ಗಾಜಿನ ಥರದ್ದು. ಮಾಮನ ಮಗ ವಿಡಿಯೊ ಮಾಡಿದ್ದ, ಅದ್ರಲ್ಲಿ ನೋಡಿದ್ರೆ ಎಂಟು ಸೆಕೆಂಡು, ಮತ್ತೆ ಗೋಡೆ ನನ್ನ ಸೊಂಟದಷ್ಟೂ ಇಲ್ಲ. ವಿಡಿಯೊ ಯಾರಿಗೂ ಕಳಿಸ್ಲಿಲ್ಲ.

ಒಟ್ಟು ಐದು ಟ್ರಿಪ್ಪಿಗೆ 8,160 ಕಿ.ಮೀ., 26 ತೆರೆ, ಅವರೇಜ್ 314. ಅಪ್ಪನಿಗೆ ಶೀಟ್ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, "ನಿನ್ನ ಅಜ್ಜ ಹದಿನಾಲ್ಕು ವರ್ಷಕ್ಕೆ ಹಡಗು ಹತ್ತಿ ಬೊಂಬಾಯಿಗೆ ಬಂದದ್ದು ಹೋಟ್ಲಲ್ಲಿ ಗ್ಲಾಸ್ ತೊಳೀಲಿಕ್ಕೆ, ನೀನು ಅಲ್ಲಿಗೇ ವಾಪಸ್ ಹೋಗುದು ನೀರಲ್ಲಿ ಬೀಳ್ಲಿಕ್ಕೆ" ಅಂದ್ರು. ನಾನು, 2024ರ ಪ್ಯಾರಿಸ್ ಒಲಿಂಪಿಕ್ಸಿನ ಸರ್ಫಿಂಗ್ ಟಹೀಟಿಯಲ್ಲಿ ಆದದ್ದಪ್ಪ, ಪ್ಯಾರಿಸಿಂದ 15,000 ಕಿ.ಮೀ.ಗಿಂತ ದೂರ, ನಂದು ಎಂತದು ಅಂದೆ. "ಅವ್ರಿಗೆ ಮೆಡಲ್ ಕೊಡ್ತಾರೆ" ಅಂದ್ರು.

ಜೂನಿಂದ ಮಳೆಗಾಲ, ಕಲಿಯುವವರಿಗೆ ಕಡಲು ಬಂದ್. ಮಳೆ ಮುಗಿಯುವವರೆಗೆ ಹಾಸಿಗೆ ಮೇಲೆ ದಿನಾ ಮೂವತ್ತು. ನವರಾತ್ರಿ ಸಮಯದ ಟಿಕೆಟ್ ಬುಕಿಂಗ್ ಓಪನ್ ಆಗುವ ದಿನಕ್ಕೆ ಅಲಾರಂ ಇಟ್ಟಿದ್ದೇನೆ. ಈ ಸಲ ಎರಡು ಸೀಟ್, ಅಪ್ಪನೂ ಬರ್ತಾರಂತೆ, ಹಪ್ಪಳ ತರ್ಲಿಕ್ಕೆ.